ಗಾಳಕ್ಕೆ ಒದಗಿದ ನೀರು: ಕಾಳಿ ಮತ್ತು ಗಂಗಾವಳಿ ಅಳಿವೆಗಳ ಚರಿತ್ರೆ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಗಾಳ ಹಾಕುವವರ ಮುಖ್ಯ ನೆಲೆ ನದಿ ಕಡಲು ಸೇರುವ ಅಳಿವೆ. ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ಗಂಗಾವಳಿ, ನಡುವೆ ಬೇಲೇಕೇರಿ ಕೊಲ್ಲಿಯ ಕಡೆಗೆ ಇಳಿಯುವ ಸಣ್ಣ ಹಳ್ಳಗಳು. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ ಹುಟ್ಟುವ ಕಾಳಿ ಸುಮಾರು 184 ಕಿ.ಮೀ. ಹರಿದು, ಸದಾಶಿವಗಡದ ಗುಡ್ಡಕ್ಕೂ ಕೋಡಿಬಾಗದ ಮರಳಿಗೂ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಧಾರವಾಡದ ಕಡೆಯಿಂದ ಬರುವ ಬೇಡ್ತಿ ಘಟ್ಟ ಇಳಿದ ಮೇಲೆ ಗಂಗಾವಳಿ ಎನಿಸಿಕೊಂಡು ಮಂಜಗುಣಿಯ ಬಳಿ ಕಡಲು ಮುಟ್ಟುತ್ತದೆ. ಗುಡ್ಡ, ನಡುಗಡ್ಡೆ, ಗಾಳಿಮರದ ತೋಪು, ಮರಳದಂಡೆ ಇವೆಲ್ಲ ಕಣ್ಣಿಗೆ ಚಂದವೇ. ಆದರೆ ದಾರ ಹಿಡಿದು ತಾಸುಗಟ್ಟಲೆ ಒಂದೇ ಕಡೆ ನಿಲ್ಲುವವನನ್ನು ಹಿಡಿದಿಡುವುದು ಆ ಚಂದವಲ್ಲ. ಆ ನೀರಿನ ನಡತೆ ಅವನನ್ನು ನಿಲ್ಲಿಸುತ್ತದೆ. ಅದರ ಜೊತೆಗೆ ನಾಲ್ಕು ಶತಮಾನಗಳಲ್ಲಿ ಅದರ ದಂಡೆಯ ಮೇಲೆ ಜನ ಕಟ್ಟಿದ್ದು, ಬಿಟ್ಟುಹೋದದ್ದು, ಕೆಡವಿದ್ದು ಎಲ್ಲವೂ ಸೇರಿದೆ.

ಮೊದಲು ನೀರಿನ ನಡತೆ. ಅಳಿವೆಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಚೀಚೆ ಕಾರವಾರದಲ್ಲಿ ಏರಿಳಿತದ ಅಂತರ ಒಂದೂವರೆಯಿಂದ ಎರಡು ಮೀಟರಿನಷ್ಟಾಗುತ್ತದೆ. ಅಷ್ಟಮಿಯ ಸುತ್ತಿನ ದಿನಗಳಲ್ಲಿ ನೀರು ಸೋಮಾರಿ. ಹೀಗಾಗಿ ಇಲ್ಲಿನ ಮೀನುಗಾರನಿಗೆ ಗಡಿಯಾರಕ್ಕಿಂತ ತಿಥಿ ಮುಖ್ಯ. ಭರತದ ನೀರು ಕಾಂಡ್ಲಾ ಗಿಡಗಳ ಬೇರಿನ ನಡುವೆ, ಕೆಸರು ಗದ್ದೆಗಳ ಒಳಗೆ ನುಗ್ಗುವಾಗ ಸಿಗಡಿ ಮತ್ತು ಮರಿಮೀನುಗಳೂ ಒಳಗೆ ಹೋಗುತ್ತವೆ. ಇಳಿತ ಶುರುವಾದೊಡನೆ ಅವೆಲ್ಲ ಕಿರಿದಾದ ಕಾಲುವೆಗಳ ಮೂಲಕ ಹೊರಗೆ ಬರಲೇಬೇಕು. ಬೇಟೆಮೀನು ಕಾಯುವುದು ಈ ಬಾಗಿಲುಗಳಲ್ಲಿ: ಹರಿವಿನ ಸೆಳೆತ ಮುಗಿದು ಸುಳಿ ತಿರುಗುವ ಅಂಚಿನಲ್ಲಿ, ಬಂಡೆಯ ಹಿಂದೆ, ಕಂಬದ ನೆರಳಲ್ಲಿ. ಎರಡು ನೀರು ಕೂಡುವ ಗೆರೆ ಕೆಲವು ದಿನ ಬರಿಗಣ್ಣಿಗೇ ಕಾಣುತ್ತದೆ. ಒಂದು ಬದಿ ಕೆಸರು ಹಸಿರು, ಇನ್ನೊಂದು ಬದಿ ತಿಳಿನೀಲಿ, ನಡುವೆ ನೊರೆ ಮತ್ತು ತೇಲುವ ಎಲೆಕಡ್ಡಿಯ ಸಾಲು. ಗಾಳ ಬೀಳಬೇಕಾದದ್ದು ಆ ಸಾಲಿನ ಪಕ್ಕಕ್ಕೆ.

ಇಲ್ಲಿ ಸಿಗುವ ಮೀನುಗಳಿಗೆ ಕೊಂಕಣಿ ಮತ್ತು ಕನ್ನಡದ ಹೆಸರುಗಳು ಕಲೆತುಹೋಗಿವೆ. ಮರಳು ತಳದಲ್ಲಿ ನೋಗ್ಲಿ, ಕಾಂಡ್ಲಾದ ಅಂಚಿನಲ್ಲಿ ಶೆವಟೆ, ಕಲ್ಲಿನ ಸಂದಿಯಲ್ಲಿ ತಾಂಬುಸ್, ಆಳದ ಮಡುವಿನಲ್ಲಿ ಚೊಣಕ್. ಗಾಳಗಾರರ ಮಾತಿನಲ್ಲಿ ಚೊಣಕ್‌ಗೆ ಸಿಗುವ ಮರ್ಯಾದೆಯೇ ಬೇರೆ. ಅದು ಗಂಡಾಗಿ ಬೆಳೆದು ಕೆಲವು ವರ್ಷಗಳ ನಂತರ ಹೆಣ್ಣಾಗುವ ಜಾತಿ. ಆದ್ದರಿಂದ ತುಂಬ ದೊಡ್ಡ ಚೊಣಕ್ ಎಂದರೆ ಬಹುಪಾಲು ಹೆಣ್ಣೇ. ಸಿಹಿನೀರಿನಲ್ಲಿ ಬೆಳೆದದ್ದೂ ಮೊಟ್ಟೆ ಇಡಲು ಉಪ್ಪುನೀರಿಗೆ ಬರಬೇಕು, ಅದೂ ಮಳೆಗಾಲದ ಆಸುಪಾಸಿಗೆ. ಜೂನ್ ತಿಂಗಳಲ್ಲಿ ಘಟ್ಟದ ಕೆಂಪು ನೀರು ಇಳಿದು ಅಳಿವೆಯ ಉಪ್ಪು ಹೆಚ್ಚುಕಡಿಮೆ ತೊಳೆದುಹೋಗುತ್ತದೆ. ಮಳೆ ತಗ್ಗಿದಂತೆ ಕಡಲು ಮತ್ತೆ ಒಳಗೆ ಬರುತ್ತದೆ, ಬೇಸಿಗೆಯ ಹೊತ್ತಿಗೆ ಉಪ್ಪಿನ ನಾಲಿಗೆ ಮೈಲುಗಟ್ಟಲೆ ಮೇಲಕ್ಕೆ ಚಾಚುತ್ತದೆ. ಒಂದೇ ಜಾಗದಲ್ಲಿ ವರ್ಷಕ್ಕೆ ಎರಡು ಬೇರೆ ನೀರು, ಅದಕ್ಕೆ ತಕ್ಕಂತೆ ಬೇರೆ ಬೇರೆ ಮೀನು. ಅಳಿವೆಯ ಗಾಳ ಎಷ್ಟು ವರ್ಷ ಹಾಕಿದರೂ ಬೇಸರ ತರಿಸದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಈ ನೀರನ್ನು ಮನುಷ್ಯ ತನ್ನ ಕೆಲಸಕ್ಕೆ ತಿದ್ದಿಕೊಂಡ ಮೊದಲ ದೊಡ್ಡ ಉದಾಹರಣೆ ಗಜನಿ. ಅಳಿವೆಯ ಪಕ್ಕದ ತಗ್ಗು ಜಾಗಕ್ಕೆ ಮಣ್ಣುಕಲ್ಲಿನ ಕಟ್ಟೆ ಹಾಕಿ, ಹಲಗೆಯ ಬಾಗಿಲಿಟ್ಟು, ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವುದು. ಕೊಯ್ಲಾದ ಮೇಲೆ ಬಾಗಿಲು ತೆರೆದು ಭರತದ ನೀರು ಬಿಟ್ಟುಕೊಂಡು ಸಿಗಡಿ, ಮೀನು, ಏಡಿ ಬೆಳೆಸಿಕೊಳ್ಳುವುದು. ಭತ್ತದ ಕೂಳೆ ಕೊಳೆತು ಮೀನಿಗೆ ಮೇವು, ಮೀನಿನ ಗದ್ದೆಯ ಕೆಸರು ಮರುವರ್ಷದ ಭತ್ತಕ್ಕೆ ಗೊಬ್ಬರ. ಗಜನಿಯ ಬಾಗಿಲಿನಿಂದ ಇಳಿತದ ನೀರು ಧುಮುಕುವ ಜಾಗ ಇಲ್ಲಿನ ಅತಿ ಹಳೆಯ ಗಾಳದ ತಾಣಗಳ ಪೈಕಿ ಒಂದಾಗಿರಲೇಬೇಕು. ಆ ಬಾಗಿಲನ್ನು ಯಾರೂ ಗಾಳಗಾರನಿಗಾಗಿ ಕಟ್ಟಲಿಲ್ಲ. ಬೇರೆಯವರ ಕೆಲಸದ ಅಂಚಿನಲ್ಲಿ ತನ್ನ ಜಾಗ ಕಂಡುಕೊಳ್ಳುವ ಈ ರೀತಿ ಮುಂದಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಹಳೆಯ ಕಾರವಾರ ಈಗಿನ ಊರಿನ ಜಾಗದಲ್ಲಿ ಇರಲಿಲ್ಲ. ಅದು ಕಾಳಿಯ ದಂಡೆಯಲ್ಲಿ, ಕಡಲಿನಿಂದ ಒಳಗೆ ಕಡವಾಡದ ಕಡೆ ಇತ್ತು. 1638ರಲ್ಲಿ ಕೋರ್ಟೀನ್ ಸಂಘದ ಇಂಗ್ಲಿಷ್ ವರ್ತಕರು ಅಲ್ಲಿ ಕೋಠಿ ತೆರೆದದ್ದು ಘಟ್ಟದ ಮೆಣಸು ಮತ್ತು ಬಟ್ಟೆಗಾಗಿ. ಅಳಿವೆಯ ಬಾಯಿ ಕಾಯಲು ಸೋಂದೆಯ ಅರಸರ ಕಾಲದಲ್ಲಿ ಸದಾಶಿವಗಡದ ಕೋಟೆ ಎದ್ದಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಗೋಕರ್ಣ, ಅಂಕೋಲೆ ದಾಟಿ ಸದಾಶಿವಗಡಕ್ಕೆ ಬಂದು ಕಾಳಿಯ ದಾರಿ ಹಿಡಿದು ಘಟ್ಟ ಹತ್ತಿದಾಗ ನೋಡಿದ ನಾಡು ಯುದ್ಧಗಳಿಂದ ಸೊರಗಿತ್ತು. ವರ್ತಕರು ಮತ್ತು ಕೋಟೆಯವರು ಬಂದುಹೋದರೂ ನೀರಿನ ಮೇಲೆ ಉಳಿದವರು ಹರಿಕಂತ್ರರು, ಖಾರ್ವಿಗಳು, ಗಾಬಿತರು, ಅಂಬಿಗರು, ದಾಲ್ದಿಗಳು. ಬಲೆ ಅವರ ಬದುಕು. ಗಾಳ ಬಲೆಯ ತಮ್ಮ: ದೋಣಿ ಇಲ್ಲದವನಿಗೆ, ಮುದುಕನಿಗೆ, ಶಾಲೆ ಬಿಟ್ಟ ಹುಡುಗನಿಗೆ, ಬಲೆ ಇಳಿಸಲಾಗದ ಕಲ್ಲು ತಳಕ್ಕೆ ಅದೇ ಗತಿ. ಹತ್ತಿಯ ದಾರವನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಗಟ್ಟಿ ಮಾಡುತ್ತಿದ್ದರು. ನೈಲಾನ್ ಬಂದದ್ದು ಸ್ವಾತಂತ್ರ್ಯಾನಂತರದ ಮಾತು. ಈಗಲೂ ಬಹುತೇಕರ ಸಲಕರಣೆ ಬಾಟಲಿಗೆ ಅಥವಾ ಮರದ ತುಂಡಿಗೆ ಸುತ್ತಿದ ನೈಲಾನ್ ದಾರ, ಸೀಸದ ಗುಂಡು, ಗಾಳ ಮತ್ತು ಒಂದು ಹಿಡಿ ಸಿಗಡಿ. ದಾರದ ಎಳೆ ತೋರುಬೆರಳ ಮೇಲೆ ಹಾದುಹೋಗಿರುತ್ತದೆ. ನೋಗ್ಲಿ ಕಚ್ಚಿದರೆ ಸಣ್ಣ ನಡುಕ, ಏಡಿಯಾದರೆ ಜಗ್ಗುವ ಭಾರ, ತಾಂಬುಸ್ ಆದರೆ ಬೆರಳು ಕೊಯ್ಯುವ ಎಳೆತ. ರಾಟೆ ಹಾಕಿದ ಕೋಲಿನಲ್ಲಿ ಸುದ್ದಿ ಇಷ್ಟು ನೇರವಾಗಿ ಬರುವುದಿಲ್ಲ.

ಈಗಿನ ಕಾರವಾರದ ಹುಟ್ಟಿಗೆ ಮೀನು ಕಾರಣವಲ್ಲ, ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಂತುಹೋದಾಗ ಧಾರವಾಡದ ಹತ್ತಿಯನ್ನು ಹೊರಗೆ ಸಾಗಿಸಲು ಸದಾಶಿವಗಡದ ಕೊಲ್ಲಿ ಒಳ್ಳೆಯ ರೇವು ಎಂಬ ಮಾತು ಇಂಗ್ಲೆಂಡಿನವರೆಗೂ ಹೋಯಿತು. ಯಂತ್ರಗಳನ್ನೂ ಜನರನ್ನೂ ಕಳಿಸಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿಗೆ ಇಲ್ಲಿ ಸರಿಯಾದ ಧಕ್ಕೆಯೂ ಸಿಗಲಿಲ್ಲ, ಘಟ್ಟದ ರಸ್ತೆಯೂ ಸಿಗಲಿಲ್ಲ. ಗಲಾಟೆಯ ಫಲವಾಗಿ 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಆಧಿಪತ್ಯದಿಂದ ಮುಂಬಯಿಗೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು, ರಸ್ತೆ ಮತ್ತು ರೇವಿನ ಕೆಲಸ ನಡೆಯಿತು, ಹೊರಗಿನ ಬಂಡೆದ್ವೀಪ ದೇವಗಡದ ಮೇಲೆ ದೀಪಸ್ತಂಭ ಎದ್ದಿತು. ದಂಡೆಯ ಗಾಳಿಮರಗಳನ್ನು ನೆಟ್ಟದ್ದೂ 1860ರ ದಶಕದಲ್ಲೇ. ಈಗ ಅನಾದಿಯಿಂದ ಇದ್ದಂತೆ ಕಾಣುವ ಆ ಮರ ಹೊರದೇಶದ್ದು. 1880ರ ದಶಕದ ಕೊನೆಗೆ ರೈಲು ಘಟ್ಟ ಇಳಿದು ಗೋವೆಯ ಮರ್ಮಗೋವಾ ರೇವು ಸೇರಿದಾಗ ಕಾರವಾರದ ಹತ್ತಿಯ ಕನಸು ಮುಗಿಯಿತು. ಧಕ್ಕೆ, ದೀಪ ಮತ್ತು ಗಾಳಿಮರ ಉಳಿದವು. ಸೋತ ರೇವು ಮೀನು ಹಿಡಿಯುವವರಿಗೆ ಒಳ್ಳೆಯ ಜಾಗ. ಹಡಗಿನ ಗದ್ದಲ ಇರುವುದಿಲ್ಲ, ನೀರಿನಲ್ಲಿ ಕಲ್ಲುಕಂಬ ಮಾತ್ರ ನಿಂತಿರುತ್ತದೆ. ಕಾರವಾರದ ದಂಡೆಗೆ ಇವತ್ತಿಗೂ ಅಂಟಿಕೊಂಡಿರುವ ನಿಧಾನಕ್ಕೆ ಆ ಸೋಲಿನಲ್ಲೇ ಮೂಲ ಹುಡುಕಬೇಕು.

ಕಡ್ಡಿಗಾಳವನ್ನು ವಿರಾಮದ ಆಟವಾಗಿ ಬರೆದಿಟ್ಟವರು ಬ್ರಿಟಿಷ್ ಅಧಿಕಾರಿಗಳು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಭಾರತದ ಗಾಳಸಾಹಿತ್ಯದ ಮೊದಲ ಮುಖ್ಯ ಪುಸ್ತಕ ಕನ್ನಡ ಕರಾವಳಿಯಲ್ಲಿ ಹೊರಬಂತು ಎಂಬುದು ನೆನಪಿಡತಕ್ಕ ಸಂಗತಿ. ಅವನ ಮನಸ್ಸು ನೆಟ್ಟಿದ್ದು ಘಟ್ಟದ ಬುಡದ ಮಹಶೀರ್ ಮೇಲೆ. ಸಣ್ಣ ಕಣ್ಣಿನ ಬಲೆ ಹಾಕಿ, ವಿಷ ಬೆರೆಸಿ ಹೊಳೆಮೀನನ್ನು ಬರಿದು ಮಾಡುತ್ತಾರೆಂಬ ದೂರನ್ನೂ ಅವನು ಸರ್ಕಾರದ ಮುಂದಿಟ್ಟಿದ್ದ. ಸಾಹೇಬರ ಗಾಳದಲ್ಲಿ ಹಿಡಿದ ಮೀನಿನ ತೂಕ ಮುಖ್ಯ. ಅಳಿವೆಯ ಗಾಳದಲ್ಲಿ ಸಾರಿಗೆ ಆಯಿತೋ ಇಲ್ಲವೋ ಎಂಬುದು ಮುಖ್ಯ. ಆದರೂ ಕಾಯುವ ಸುಖದಲ್ಲಿ ಎರಡೂ ಒಂದೇ.

ಆ ಕಾಲದ ಅಳಿವೆಯ ರಾತ್ರಿಯನ್ನು ಕಂಡು ಬರೆದವನು ಗಾಳಗಾರನಲ್ಲ, ಕವಿ. 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ತಂಗಿದ್ದ ರವೀಂದ್ರನಾಥ ಟಾಗೋರರು ಬೆಳದಿಂಗಳಲ್ಲಿ ದೋಣಿಯಲ್ಲಿ ಕಾಳಿಯ ಮೇಲೆ ಹೋಗಿದ್ದನ್ನು ತಮ್ಮ ‘ಜೀವನಸ್ಮೃತಿ’ಯಲ್ಲಿ ನೆನೆಸಿಕೊಂಡಿದ್ದಾರೆ. ಹಿಂದಿರುಗುವಾಗ ಹರಿವಿನ ಜೊತೆ ತೇಲಿಬಿಟ್ಟ ದೋಣಿ ಅಳಿವೆ ಮುಟ್ಟುವಾಗ ತುಂಬ ತಡವಾಗಿ, ಕಡಲ ದಾರಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದರಂತೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದು ಆ ವಾಸ್ತವ್ಯದಲ್ಲಿ. ಊರಿನ ಕಡಲದಂಡೆಗೆ ಈಗ ಅವರದೇ ಹೆಸರು.

ಆ ದಂಡೆಯ ನಿಜವಾದ ಹಬ್ಬ ಮಾತ್ರ ರಂಪಣಿಯದಾಗಿತ್ತು. ಮಳೆಗಾಲ ಮುಗಿದು ನಾರಳಿ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ನಂತರ ಋತು ತೆರೆದುಕೊಳ್ಳುತ್ತಿತ್ತು. ಸೆಪ್ಟೆಂಬರಿನಿಂದ ಬೇಸಿಗೆಯ ಬಾಗಿಲವರೆಗೆ ಬಂಗಡೆ ಮತ್ತು ತಾರ್ಲೆಯ ಹಿಂಡು ದಂಡೆಗೆ ಬರುತ್ತಿತ್ತು. ರಂಪಣಿ ಒಬ್ಬನ ಬಲೆಯಲ್ಲ. ಹತ್ತಾರು ಮನೆಗಳು ತಂತಮ್ಮ ತುಂಡು ತಂದು ಜೋಡಿಸಿದರೆ ಅದು ಕಿಲೋಮೀಟರ್ ಮೀರುವ ಗೋಡೆಯಾಗುತ್ತಿತ್ತು. ತುಂಡಿಗೆ ಇಷ್ಟು, ದೋಣಿಗೆ ಇಷ್ಟು, ಎಳೆಯುವ ಕೈಗೆ ಇಷ್ಟು ಎಂದು ಪಾಲು. ಹಗಲಲ್ಲಿ ಹಿಂಡು ಗುರುತಿಸುವವನು ನೀರಿನ ಬಣ್ಣ ಮತ್ತು ಮೇಲೆ ಎರಗುವ ಹಕ್ಕಿಗಳನ್ನು ನೋಡುತ್ತಿದ್ದ. ಕತ್ತಲ ಪಕ್ಷದ ರಾತ್ರಿಯಲ್ಲಿ ನೀರೇ ಸುಳಿವು ಕೊಡುತ್ತಿತ್ತು. ಕಡಲಿನ ಸೂಕ್ಷ್ಮಜೀವಿಗಳು ಕದಡಿದಾಗ ಹೊಮ್ಮಿಸುವ ತಣ್ಣನೆಯ ಬೆಳಕಿನಿಂದ ಬಂಗಡೆಯ ಹಿಂಡು ನೀರೊಳಗೆ ಹಾಲು ಚೆಲ್ಲಿದ ಹಾಗೆ ಹೊಳೆಯುತ್ತಿತ್ತು. ಗುರುತು ಸಿಕ್ಕೊಡನೆ ಪಾಂಡಿ ದೋಣಿ ಒಂದು ತುದಿಯ ಹಗ್ಗ ದಂಡೆಗೆ ಕೊಟ್ಟು, ಅರ್ಧಚಂದ್ರಾಕಾರದಲ್ಲಿ ಬಲೆ ಬಿಡುತ್ತ ಸುತ್ತಿ, ಇನ್ನೊಂದು ತುದಿಯನ್ನು ಬಹಳ ದೂರಕ್ಕೆ ತಂದು ಕೊಡುತ್ತಿತ್ತು. ಆಮೇಲೆ ಎರಡು ತುದಿಯಲ್ಲಿ ಹತ್ತಾರು ಜನ, ತಾಸುಗಟ್ಟಲೆ ಎಳೆತ. ಮೀನು ಅತಿಯಾದರೆ ಬಲೆಯನ್ನು ನೀರಲ್ಲೇ ಕಟ್ಟಿ ನಿಲ್ಲಿಸಿ ಮೀನನ್ನು ಜೀವಂತ ಇಟ್ಟುಕೊಂಡು ಸ್ವಲ್ಪ ಸ್ವಲ್ಪವೇ ತೆಗೆಯುತ್ತಿದ್ದರು. ಮಿಕ್ಕಿದ್ದಕ್ಕೆ ಉಪ್ಪು, ಒಣಗಿಸಲು ಮರಳು. ಕಾರವಾರದ ಬಂಗಡೆ ವಿಜ್ಞಾನಿಗಳನ್ನೂ ಸೆಳೆದಿತ್ತು. ಎಲ್. ಬಿ. ಪ್ರಧಾನ್ ಅವರು ಕಾರವಾರದ ಬಂಗಡೆ ಮೀನುಗಾರಿಕೆಯ ಬಗ್ಗೆ ಬರೆದ ದೀರ್ಘ ಅಧ್ಯಯನ 1956ರಲ್ಲಿ ಪ್ರಕಟವಾಯಿತು.

1970ರ ದಶಕದ ಮಧ್ಯಕ್ಕೆ ಪರ್ಸೀನ್ ಬೋಟುಗಳು ಬಂದು ಹಿಂಡನ್ನು ದಂಡೆಗೆ ಬರುವ ಮುಂಚೆಯೇ ಆಳದಲ್ಲಿ ಸುತ್ತಿಕೊಂಡವು. ರಂಪಣಿಯವರು ಪ್ರತಿಭಟಿಸಿದರು, ಪ್ರಯೋಜನವಾಗಲಿಲ್ಲ. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಸಣ್ಣ ಎಳೆಬಲೆ ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಊರಿಗೆ ಊರೇ ಒಂದು ಹಗ್ಗಕ್ಕೆ ಕೈ ಹಾಕುವ ದೃಶ್ಯದ ಜೊತೆಗೆ ದಂಡೆಯಲ್ಲಿ ಹಿಂಡು ಕಾಯುವ ಕಣ್ಣೂ ಕಣ್ಮರೆಯಾಯಿತು. ಆ ಕಣ್ಣು ಸ್ವಲ್ಪಮಟ್ಟಿಗೆ ಉಳಿದಿರುವುದು ಗಾಳಗಾರನಲ್ಲಿ. ಹಕ್ಕಿ ಎಲ್ಲಿ ಎರಗಿತು, ನೀರು ಎಲ್ಲಿ ಬಣ್ಣ ಕೆಡಿಸಿತು ಎಂದು ನೋಡುತ್ತ ಕೂರುವವನು ಈಗ ಅವನೊಬ್ಬನೇ.

ಈ ನೀರಿಗೆ ಅಂಜಿಕೆಯ, ಭಕ್ತಿಯ ಒಂದು ಪದರವೂ ಇದೆ. ಕೋಡಿಬಾಗದಲ್ಲಿ, ಕಾಳಿಯ ದಂಡೆಗೆ ಹತ್ತಿರ, ಖಾಪ್ರಿ ದೇವರ ಗುಡಿಯಿದೆ. ಆಫ್ರಿಕದ ಮೂಲದವನೆಂದು ಜನ ನಂಬುವ ಈ ದೇವರಿಗೆ ಸಿಗರೇಟು, ಮೇಣದ ಬತ್ತಿ, ಹೆಂಡ ಹರಕೆಯಾಗಿ ಸಲ್ಲುತ್ತವೆ. ಹಡಗುಗಳ ಕಾಲ ಬಿಟ್ಟುಹೋದ ಗುರುತು ಇರಬೇಕು. ಎದುರಿನ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಗೆ ಪುಷ್ಯ ಹುಣ್ಣಿಮೆಯಂದು ಮೀನುಗಾರರು ಸಿಂಗರಿಸಿದ ದೋಣಿಗಳಲ್ಲಿ ಭಕ್ತರನ್ನು ಕರೆದೊಯ್ಯುತ್ತಾರೆ, ಬಾಳೆಗೊನೆ ಅರ್ಪಿಸುತ್ತಾರೆ. ಅಂಜುದೀವ್ ನಡುಗಡ್ಡೆಯ ನೆನಪು ಬೇರೆ ತರಹದ್ದು. 1498ರಲ್ಲಿ ವಾಸ್ಕೋ ಡ ಗಾಮ ತಂಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ ಆ ದ್ವೀಪದಿಂದ 1961ರ ನವೆಂಬರಿನಲ್ಲಿ ಅವರ ಪಹರೆಯವರು ಪ್ರಯಾಣಿಕರ ಹಡಗಿನ ಮೇಲೂ ಮೀನುದೋಣಿಯ ಮೇಲೂ ಗುಂಡು ಹಾರಿಸಿದರು. ಒಬ್ಬ ಮೀನುಗಾರ ಸತ್ತ. ಮುಂದಿನ ತಿಂಗಳು ಭಾರತದ ನೌಕಾಪಡೆ ದ್ವೀಪಕ್ಕೆ ಇಳಿಯಿತು. ಮೀನು ಹಿಡಿಯಲು ಹೋದವನ ಸಾವು ಗೋವೆಯ ವಿಮೋಚನೆಯ ಕಾರಣಗಳಲ್ಲಿ ಸೇರಿಹೋಯಿತು.

ಕಾಳಿ ಮತ್ತು ಗಂಗಾವಳಿಯ ದಾರಿ ಬೇರೆಯಾದದ್ದು ಅಣೆಕಟ್ಟಿನಿಂದ. ಕಾಳಿಗೆ 1980ರ ದಶಕದಲ್ಲಿ 101 ಮೀಟರ್ ಎತ್ತರದ ಸೂಪಾ, 1990ರ ದಶಕದಲ್ಲಿ ಕೊಡಸಳ್ಳಿ ಮತ್ತು ಕದ್ರಾ ಅಣೆಕಟ್ಟುಗಳು ಬಂದವು. ಹಿಂದೆ ಸರಕಿನ ದೋಣಿಗಳು ಭರತ ಹಿಡಿದು ಹೋಗುತ್ತಿದ್ದ ಕದ್ರಾದಲ್ಲೇ ಈಗ ಗೋಡೆ. ವಿದ್ಯುತ್ತಿಗಾಗಿ ಬಿಡುವ ನೀರು ಬೇಸಿಗೆಯಲ್ಲೂ ಹರಿಯುವುದರಿಂದ ಉಪ್ಪು ಮತ್ತು ಸಿಹಿಯ ಹಳೆಯ ಲೆಕ್ಕ ಈಗ ಋತುವಿಗಿಂತ ವಿದ್ಯುದಾಗಾರದ ಬಾಗಿಲನ್ನು ನೆಚ್ಚಿದೆ. ಮಳೆಗಾಲದಲ್ಲಿ ಗೇಟು ತೆರೆದ ದಿನ ಅಳಿವೆಯ ಗಾಳಕ್ಕೆ ರಜೆ. ಗಂಗಾವಳಿಗೆ ಈ ಗತಿ ಬರಲಿಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ವಿರೋಧಿಸಿ ಶಿರಸಿ, ಯಲ್ಲಾಪುರದ ತೋಟಿಗರು ಕಟ್ಟಿದ ಚಳವಳಿ, 1981ರಲ್ಲಿ ಶಿರಸಿಯಲ್ಲಿ ನಡೆದ ವಿಚಾರ ಸಂಕಿರಣ ಇವುಗಳ ನಂತರ ಯೋಜನೆ ನಿಂತಿತು. ಅಡಿಕೆ ತೋಟ ಉಳಿಸಲು ಘಟ್ಟದ ಮೇಲಿನವರು ಮಾಡಿದ ಹೋರಾಟ ಕೆಳಗಿನ ಮಂಜಗುಣಿಯ ನೀರನ್ನೂ ಉಳಿಸಿತು. ಋತುವಿನ ಪ್ರಕಾರ ಬಣ್ಣ, ರುಚಿ ಬದಲಿಸುವ ಅಳಿವೆ ನೋಡಬೇಕೆಂದರೆ ಈಗ ಅಂಕೋಲೆಯ ಕಡೆಗೇ ಹೋಗಬೇಕು.

ಸೇತುವೆಗಳು ಕಸಿದುಕೊಂಡದ್ದಕ್ಕಿಂತ ಕೊಟ್ಟದ್ದು ಹೆಚ್ಚು. 1980ರ ದಶಕದಲ್ಲಿ ಕಾಳಿಗೆ ಹೆದ್ದಾರಿ ಸೇತುವೆ ಬಂದು ತಾರಿ ದೋಣಿಯ ಕಾಲ ಮುಗಿಯಿತು. 1998ರಲ್ಲಿ ಪೂರ್ತಿ ತೆರೆದ ಕೊಂಕಣ ರೈಲು ಇನ್ನೊಂದು ಕಂಬಗಳ ಸಾಲು ಇಳಿಸಿತು. ಕಂಬದ ಮೇಲೆ ಕಲವ ಮತ್ತು ಶಿಂಪಿ ಕೂತವು, ಅವನ್ನು ತಿನ್ನಲು ಮೀನು ಬಂದವು, ಮೀನಿನ ಹಿಂದೆ ಗಾಳ ಬಂತು. ನೌಕಾನೆಲೆ ಮಾತ್ರ ಕಿತ್ತುಕೊಂಡದ್ದೇ. 1986ರ ಅಕ್ಟೋಬರ್ 24ರಂದು ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗಾಗಿ ಬಿಣಗಾ, ಅರಗಾದಿಂದ ಅಂಕೋಲೆಯ ಕಡೆಗಿನ ಊರುಗಳ ಸಾವಿರಾರು ಕುಟುಂಬಗಳು ಜಾಗ ಬಿಟ್ಟವು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ತಡೆಗೋಡೆಯಿಂದ ನೆಲಕ್ಕೆ ಜೋಡಿಸಿದ ಅಂಜುದೀವ್ ಈಗ ನಡುಗಡ್ಡೆಯಾಗಿ ಉಳಿದಿಲ್ಲ. ಆ ಕೊಲ್ಲಿಗಳ ಬಂಡೆಯ ಮೇಲೆ ಕೂತು ಗಾಳ ಹಾಕಿದ ತಲೆಮಾರಿಗೆ ಅಲ್ಲಿನ ಯಾವ ಕಲ್ಲಿನ ಸಂದಿಯಲ್ಲಿ ಯಾವ ಮೀನು ಎಂಬ ಜ್ಞಾನವಿತ್ತು. ಪರಿಹಾರದ ಲೆಕ್ಕದಲ್ಲಿ ಅದಕ್ಕೆ ಕಲಮು ಇರಲಿಲ್ಲ.

ಬದಲಾವಣೆ ನಿಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ಜನರನ್ನೂ ವಾಹನಗಳನ್ನೂ ಎಳೆದುಕೊಂಡು ಗಂಗಾವಳಿಗೆ ಬಿತ್ತು. ನದಿಯ ನಡುವೆ ಮಣ್ಣಿನ ದಿಬ್ಬವೇ ಎದ್ದಿತು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿಗೆ ಕಾಳಿಯ ಹಳೆಯ ಹೆದ್ದಾರಿ ಸೇತುವೆ ಕುಸಿಯಿತು. ಅಂಕೋಲೆಯ ಬಳಿಯ ಕೇಣಿಯಲ್ಲಿ ವಾಣಿಜ್ಯ ಬಂದರಿನ ಯೋಜನೆಗೆ ಮೀನುಗಾರರು ಎದುರು ನಿಂತಿದ್ದಾರೆ.

ಅಳಿವೆಯ ಗಾಳಕ್ಕೆ ಬೆಲೆ ಬರುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಕಡಲು ನಿಷಿದ್ಧ. ಗಾಳಕ್ಕೆ, ಬೀಸುಬಲೆಗೆ, ಹುಟ್ಟು ಹಾಕುವ ಸಣ್ಣ ದೋಣಿಗೆ ಆ ನಿಷೇಧವಿಲ್ಲ. ಆ 61 ದಿನ ಕಾರವಾರ ಮತ್ತು ಅಂಕೋಲೆಯ ಪೇಟೆಯಲ್ಲಿ ಊರಿನದೇ ತಾಜಾ ಮೀನು ಬೇಕೆಂದವರು ಬಹುಮಟ್ಟಿಗೆ ಈ ಅಳಿವೆಗಳನ್ನೇ ನಂಬಬೇಕು.